ದಾರಿ ತಪ್ಪದ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲ್ ಟೀಚರ್. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಪೋಷಕರ ಸಭೆ ಮುಗಿದ ಮೇಲೂ ಒಬ್ಬಿಬ್ಬರು ಬಾಗಿಲ ಹತ್ತಿರ ನಿಂತೇ ಇರುತ್ತಾರೆ. "ಮೇಡಂ, ಒಂದು ನಿಮಿಷ" ಅನ್ನುತ್ತಾರೆ. ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತದೆ. ಹೆಚ್ಚಿನ ಮಕ್ಕಳು ಯಾಕೆ ದಾರಿ ತಪ್ಪುವುದಿಲ್ಲ ಅಂತ ನಾನು ಅವರನ್ನು ಕೇಳುತ್ತೇನೆ, ಅಲ್ಲಿಂದ ಮಾತು ಬೆಳೆಯುತ್ತದೆ. ಅಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಉತ್ತರಗಳಲ್ಲಿ ಹೊರದೇಶದ ಅಧ್ಯಯನಗಳು ಜಾಸ್ತಿ ಬರುತ್ತವೆ. ನಮ್ಮ ಊರಿಗೆ, ನಮ್ಮ ಮನೆಗಳಿಗೆ ಅವು ಎಲ್ಲಿ ಹೊಂದುತ್ತವೆ ಅಂತ ನನಗೆ ಅನ್ನಿಸಿದ್ದನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಮಕ್ಕಳು ಯಾಕೆ ದಾರಿ ತಪ್ಪುತ್ತಾರೆ ಅಂತ ಅಲ್ವಾ ಕೇಳಬೇಕಾದ್ದು? ಯಾಕೆ ತಪ್ಪುವುದಿಲ್ಲ ಅಂತ ಯಾಕೆ ಕೇಳುತ್ತೀರಿ?

ಈ ಪ್ರಶ್ನೆಯನ್ನು ಹೀಗೆ ತಿರುಗಿಸಿ ಹಾಕಿದವರಲ್ಲಿ ಹೆಸರಾದವರು ಟ್ರಾವಿಸ್ ಹರ್ಶಿ. ಅಮೆರಿಕದ ಸಮಾಜಶಾಸ್ತ್ರಜ್ಞ. 1960ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಸುತ್ತಲಿನ ಶಾಲೆಗಳಲ್ಲಿ 4,000ಕ್ಕೂ ಹೆಚ್ಚು ಮಕ್ಕಳಿಂದ ಉತ್ತರ ಬರೆಸಿಕೊಂಡ ದೊಡ್ಡ ಸಮೀಕ್ಷೆಯನ್ನು ಅವರು ಬಳಸಿಕೊಂಡರು. ಕದ್ದಿದ್ದೀಯಾ, ಬೇರೆಯವರ ವಸ್ತು ಹಾಳು ಮಾಡಿದ್ದೀಯಾ, ಹೊಡೆದಾಡಿದ್ದೀಯಾ ಅಂತ ಮಕ್ಕಳನ್ನೇ ಕೇಳಿದ್ದರು. ಅಪ್ಪ ಅಮ್ಮನ ಜೊತೆ ಮಾತಾಡುತ್ತೀಯಾ, ಶಾಲೆ ಇಷ್ಟವಾ, ಟೀಚರ್ ನಿನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಅನ್ನುವುದು ನಿನಗೆ ಮುಖ್ಯವಾ ಅಂತಲೂ ಕೇಳಿದ್ದರು. 1969ರಲ್ಲಿ ಹರ್ಶಿ ತಮ್ಮ ವಾದವನ್ನು ಮುಂದಿಟ್ಟರು.

ಅವರು ಹೇಳಿದ್ದು ಸರಳ. ತಪ್ಪು ಮಾಡಲು ವಿಶೇಷ ಕಾರಣ ಬೇಕಿಲ್ಲ. ಕದ್ದರೆ ವಸ್ತು ಸಿಗುತ್ತದೆ, ಹೊಡೆದರೆ ಸಿಟ್ಟು ಇಳಿಯುತ್ತದೆ, ಕ್ಲಾಸಿಗೆ ಚಕ್ಕರ್ ಹೊಡೆದರೆ ಮಜಾ ಬರುತ್ತದೆ. ಆಸೆ ಎಲ್ಲರಲ್ಲೂ ಇದೆ. ಹಾಗಿದ್ದರೂ ಬಹಳ ಮಕ್ಕಳು ಮಾಡುವುದಿಲ್ಲ. ಹಾಗಾದರೆ ಅವರನ್ನು ಹಿಡಿದಿಟ್ಟಿರುವುದು ಏನು? ಹರ್ಶಿ ಕೊಟ್ಟ ಉತ್ತರಕ್ಕೆ ಕನ್ನಡದಲ್ಲಿ ಒಂದು ಒಳ್ಳೆ ಪದವಿದೆ: ನಂಟು.

ಟೀಚರಾಗಿ ನನಗೆ ಈ ದಾರಿ ಯಾಕೆ ಹಿಡಿಸಿತು ಅಂದರೆ, ಇದು ನಮ್ಮ ಗಮನವನ್ನು ತಂಟೆಕೋರ ಹುಡುಗನ ಮೇಲಿಂದ ತೆಗೆದು, ದಿನಾ ಸುಮ್ಮನೆ ಬಂದು ಹೋಗುವ ಇನ್ನುಳಿದ ಐವತ್ತು ಮಕ್ಕಳ ಕಡೆಗೆ ತಿರುಗಿಸುತ್ತದೆ. ಆ ಐವತ್ತರ ಬಗ್ಗೆ ನಾವು ಸ್ಟಾಫ್ ರೂಮಿನಲ್ಲಿ ಮಾತೇ ಆಡುವುದಿಲ್ಲ.

ನಂಟು ಅಂದರೆ ಏನು? ಪ್ರೀತಿ ಅಂತಲೇ?

ಪ್ರೀತಿಯೂ ಸೇರಿದೆ. ಹರ್ಶಿ ನಾಲ್ಕು ಎಳೆ ಹೇಳುತ್ತಾರೆ. ಮೊದಲನೆಯದು ಮನುಷ್ಯರ ಮೇಲಿನ ಅಕ್ಕರೆ. ಎರಡನೆಯದು ಕಳೆದುಕೊಳ್ಳಲು ಏನಾದರೂ ಇರುವುದು, ಅಂದರೆ ಓದು, ಒಳ್ಳೆ ಹೆಸರು, ಮುಂದಿನ ಕನಸು. ಮೂರನೆಯದು ಕೈತುಂಬ ಕೆಲಸ. ನಾಲ್ಕನೆಯದು ನಿಯಮಗಳು ಸರಿಯಾಗಿವೆ, ಅವನ್ನು ಪಾಲಿಸಬೇಕು ಅನ್ನುವ ನಂಬಿಕೆ.

ಇವುಗಳಲ್ಲಿ ಮೊದಲನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಪ್ಪ ಅಮ್ಮ ಮಗುವಿನ ಹಿಂದೆಯೇ ಇರಲು ಆಗುವುದಿಲ್ಲ. ತಪ್ಪು ನಡೆಯುವುದೇ ಅವರಿಲ್ಲದ ಜಾಗದಲ್ಲಿ. ಆ ಗಳಿಗೆಯಲ್ಲಿ ಮಗುವಿನ ಮನಸ್ಸಿನಲ್ಲಿ ಅವರು ಇದ್ದಾರಾ ಅನ್ನುವುದು ಮುಖ್ಯ. ನನ್ನ ಕ್ಲಾಸಿನ ಕೆಲವು ಹುಡುಗರು ಒಮ್ಮೆ ಅಂಗಡಿಯೊಂದರಿಂದ ಇಯರ್‌ಫೋನ್ ಎತ್ತಿಕೊಂಡು ಬಂದರು. ಅವರ ಜೊತೆಯಲ್ಲೇ ಇದ್ದ ಒಬ್ಬ ಹುಡುಗ ಬಾಗಿಲಲ್ಲೇ ಹಿಂದಕ್ಕೆ ಬಂದುಬಿಟ್ಟಿದ್ದ. ಯಾಕಪ್ಪಾ ಅಂತ ಕೇಳಿದೆ. "ಅಜ್ಜಿ ನೆನಪಾದ್ಲು ಮೇಡಂ" ಅಂದ. ಅಜ್ಜಿ ಹೊಡೆಯುತ್ತಾಳಾ ಅಂತ ಕೇಳಿದೆ. ಇಲ್ಲವಂತೆ. ಗೊತ್ತಾದರೆ ಊಟ ಮಾಡದೆ ಮಲಗಿಬಿಡುತ್ತಾಳೆ ಅಂದ.

ಮಕ್ಕಳು ತಮ್ಮ ಯೋಚನೆಗಳನ್ನು ಅಪ್ಪನ ಹತ್ತಿರ ಎಷ್ಟು ಹಂಚಿಕೊಳ್ಳುತ್ತಾರೋ ಅಷ್ಟು ಅವರ ತಪ್ಪುಗಳು ಕಡಿಮೆ ಅಂತ ರಿಚ್ಮಂಡ್ ಸಮೀಕ್ಷೆಯಲ್ಲಿ ಕಂಡಿತು. ನಮ್ಮಲ್ಲಿ ಅಪ್ಪಂದಿರು ಫೀಸು ಕಟ್ಟಲು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಮಾತ್ರ ಬರುತ್ತಾರೆ. ಅವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಹರ್ಶಿಯ ಒಂದು ಮಾತನ್ನು ಮುಂದಿನವರು ಒಪ್ಪಲಿಲ್ಲ. ಯಾವ ಗೆಳೆಯರ ಜೊತೆಗಿನ ನಂಟಾದರೂ ಮಗುವನ್ನು ಕಾಪಾಡುತ್ತದೆ ಅಂತ ಅವರು ಅಂದುಕೊಂಡಿದ್ದರು. ತಪ್ಪು ಮಾಡುವ ಗೆಳೆಯರ ಜೊತೆಗಿನ ಗಟ್ಟಿ ನಂಟು ತಪ್ಪಿನ ಕಡೆಗೇ ಎಳೆಯುತ್ತದೆ ಅಂತ ನಂತರದ ಬಹಳಷ್ಟು ಅಧ್ಯಯನಗಳು ತೋರಿಸಿದವು. "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಯಾವುದನ್ನು ಬಾಲಾಪರಾಧ ಅನ್ನುತ್ತಾರೆ?

ನಮ್ಮ ಕಾನೂನಿನಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. 2015ರ ಬಾಲ ನ್ಯಾಯ ಕಾಯ್ದೆ "ಬಾಲಾಪರಾಧಿ" ಅನ್ನುವ ಹಣೆಪಟ್ಟಿ ಹಚ್ಚುವುದಿಲ್ಲ. "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಅನ್ನುತ್ತದೆ. ಉದ್ದವಾದರೂ ಒಳ್ಳೆಯ ಮಾತು. 2022ರಲ್ಲಿ ಮಕ್ಕಳೇ ಆರೋಪಿಗಳಾಗಿದ್ದ 30,555 ಪ್ರಕರಣಗಳು ದೇಶದಲ್ಲಿ ದಾಖಲಾದವು. ಲೆಕ್ಕ ಹಾಕಿದರೆ ಒಂದು ಲಕ್ಷ ಮಕ್ಕಳಿಗೆ ಏಳಕ್ಕಿಂತ ಕಡಿಮೆ. ಇದು ಪೊಲೀಸರವರೆಗೆ ಹೋದ ಲೆಕ್ಕ ಮಾತ್ರ. ಪಕ್ಕದ ಮನೆಯ ಗಾಜು ಒಡೆದದ್ದು, ಬೀಡಿ ಸೇದಿದ್ದು, ಅಪ್ಪನ ಜೇಬಿನಿಂದ ನೂರು ರೂಪಾಯಿ ಎತ್ತಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಒಂದೂ ತಪ್ಪು ಮಾಡದ ಮಕ್ಕಳು ನಿಜಕ್ಕೂ ಇರುತ್ತಾರಾ?

ಇರುತ್ತಾರೆ, ಆದರೆ ಕಡಿಮೆ. ನ್ಯೂಜಿಲೆಂಡಿನ ಡ್ಯುನೆಡಿನ್ ಅನ್ನುವ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿಗೂ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಆ ಕೆಲಸದಲ್ಲಿ ತೊಡಗಿದ್ದ ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್ 1993ರಲ್ಲಿ ಒಂದು ಮುಖ್ಯ ಲೇಖನ ಬರೆದರು. ಚಿಕ್ಕಂದಿನಿಂದಲೇ ತಂಟೆ ಶುರುಮಾಡಿ ದೊಡ್ಡವರಾದರೂ ಬಿಡದ ಒಂದು ಸಣ್ಣ ಗುಂಪು ಇದೆ. ಹದಿಹರೆಯದಲ್ಲಿ ಮಾತ್ರ ತಪ್ಪು ಮಾಡಿ, ನಂತರ ತಾವಾಗಿಯೇ ನಿಲ್ಲಿಸುವ ಒಂದು ದೊಡ್ಡ ಗುಂಪು ಇದೆ. ಇವೆರಡಕ್ಕೂ ಸೇರದೆ ಪೂರ್ತಿ ದೂರ ಉಳಿಯುವವರು ಕೆಲವರೇ.

ದೊಡ್ಡ ಗುಂಪು ಯಾಕೆ ತಪ್ಪು ಮಾಡುತ್ತದೆ ಅನ್ನುವುದಕ್ಕೆ ಮೊಫಿಟ್ ಕೊಟ್ಟ ಕಾರಣ ನನಗೆ ದಿನಾ ಕಣ್ಣಿಗೆ ಬೀಳುತ್ತದೆ. ಹುಡುಗನಿಗೆ ಮೀಸೆ ಚಿಗುರಿರುತ್ತದೆ, ಅಪ್ಪನಿಗಿಂತ ಎತ್ತರವಾಗಿರುತ್ತಾನೆ. ಹಾಗಿದ್ದರೂ ಹತ್ತು ರೂಪಾಯಿಗೆ ಅಮ್ಮನ ಮುಂದೆ ಕೈ ಚಾಚಬೇಕು. ಮನೆಯ ಯಾವ ಮಾತಿನಲ್ಲೂ ಅವನನ್ನು ಕೇಳುವವರಿಲ್ಲ. ದೇಹ ದೊಡ್ಡವರದು, ಸ್ಥಾನ ಚಿಕ್ಕವರದು. ಆಗ ಸಿಗರೇಟು ಸೇದುವ, ಬೈಕ್ ಓಡಿಸುವ, ಯಾರಿಗೂ ಹೆದರದ ಇನ್ನೊಬ್ಬ ಹುಡುಗ ಅವನಿಗೆ ದೊಡ್ಡವನಂತೆ ಕಾಣುತ್ತಾನೆ. ಇವನು ಅವನನ್ನು ನೋಡಿ ಕಲಿಯುತ್ತಾನೆ.

ಹಾಗಾದರೆ ಈ ಅಂತರ ಅನುಭವಿಸದ ಮಗುವಿಗೆ ನಕಲು ಮಾಡುವ ಅಗತ್ಯ ಕಡಿಮೆ. ಕೆಲವರಿಗೆ ದೇಹ ತಡವಾಗಿ ಬೆಳೆಯುತ್ತದೆ. ಕೆಲವರಿಗೆ ಮನೆಯಲ್ಲಿ ದೊಡ್ಡವರ ಸ್ಥಾನ ಬೇಗ ಸಿಗುತ್ತದೆ. ಎರಡನೆಯದನ್ನು ಹಳ್ಳಿಯಿಂದ ಬರುವ ಮಕ್ಕಳಲ್ಲಿ ನಾನು ನೋಡಿದ್ದೇನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವ ಹುಡುಗಿ. ಅಪ್ಪ ಊಟಕ್ಕೆ ಹೋದಾಗ ಅಂಗಡಿಯ ಗಲ್ಲಾದಲ್ಲಿ ಕೂರುವ ಹುಡುಗ. ಓದು ಬಾರದ ಅಪ್ಪ ಅಮ್ಮನಿಗೆ ಬ್ಯಾಂಕಿನ ಚೀಟಿ ಓದಿ ಹೇಳುವವನು. ಇವರಿಗೆ ತಾವು ದೊಡ್ಡವರು ಅಂತ ಯಾರಿಗೂ ತೋರಿಸಿಕೊಳ್ಳಬೇಕಿಲ್ಲ. ಮಕ್ಕಳನ್ನು ಶಾಲೆ ಬಿಡಿಸಿ ದುಡಿಸಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಮನೆಯಲ್ಲಿ ಒಂದು ನಿಜವಾದ ಜವಾಬ್ದಾರಿ ಕೊಡಿ, ಅದರಲ್ಲಿ ಅವರ ಮಾತು ನಡೆಯಲಿ. ಅಷ್ಟೇ ನನ್ನ ಕೋರಿಕೆ. ಪಟ್ಟಣದ ಮನೆಗಳಲ್ಲಿ "ನೀನು ಓದಿಕೊಂಡರೆ ಸಾಕು" ಅನ್ನುತ್ತೇವೆ. ಓದಿನಲ್ಲಿ ಹಿಂದಿರುವ ಮಗುವಿಗೆ ಆಗ ಮನೆಯಲ್ಲಿ ಉಳಿಯುವ ಸ್ಥಾನ ಯಾವುದು?

ನನ್ನ ಮಗನಿಗೆ ಗೆಳೆಯರೇ ಇಲ್ಲ. ಯಾವ ತಂಟೆಗೂ ಹೋಗುವುದಿಲ್ಲ. ಸಮಾಧಾನ ಪಡಬಹುದಾ?

ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಗುಂಪು ತಮ್ಮನ್ನು ಸೇರಿಸಿಕೊಳ್ಳದ ಕಾರಣಕ್ಕೇ ಕೆಲವು ಮಕ್ಕಳು ತಪ್ಪಿನಿಂದ ದೂರ ಉಳಿಯುತ್ತಾರೆ ಅಂತ ಮೊಫಿಟ್ ಊಹಿಸಿದ್ದರು. ದಕ್ಷಿಣ ಲಂಡನ್ನಿನ ದುಡಿಯುವ ವರ್ಗದ 411 ಹುಡುಗರನ್ನು ಎಂಟನೇ ವಯಸ್ಸಿನಿಂದ ಹತ್ತಾರು ವರ್ಷ ಗಮನಿಸಿದ ಅಧ್ಯಯನವೊಂದಿದೆ. ಶುರುವಾದದ್ದು 1961ರಲ್ಲಿ. ಕಷ್ಟದ ಮನೆಗಳಲ್ಲಿ ಬೆಳೆದೂ ಶಿಕ್ಷೆಗೆ ಒಳಗಾಗದವರನ್ನು ಅಲ್ಲಿ ಬೇರೆಯಾಗಿ ನೋಡಿದರು. ಅವರಲ್ಲಿ ಹಲವರಿಗೆ ಎಂಟನೇ ವಯಸ್ಸಿನಲ್ಲಿ ಗೆಳೆಯರು ಇರಲೇ ಇಲ್ಲ, ಅಥವಾ ತೀರಾ ಕಡಿಮೆ ಇದ್ದರು. ದೊಡ್ಡವರಾದ ಮೇಲೂ ಕೆಲವರ ಬದುಕು ಅಷ್ಟೇನೂ ಸುಖವಾಗಿರಲಿಲ್ಲ. ಜೈಲಿಗೆ ಹೋಗಲಿಲ್ಲ ಅನ್ನುವುದು ನಿಜ. ಆದರೆ ಚೆನ್ನಾಗಿ ಬದುಕಿದರು ಅಂತ ಅದರಿಂದ ಹೇಳಲಾಗದು.

ಎಲ್ಲ ಕಡೆಯೂ ಹೀಗೇ ಕಂಡಿಲ್ಲ. ಡ್ಯುನೆಡಿನ್ನಿನಲ್ಲಿ ತಪ್ಪಿನಿಂದ ದೂರ ಉಳಿದ ಹುಡುಗರು 26ನೇ ವಯಸ್ಸಿಗೆ ಬಂದಾಗ ಬಹಳ ಚೆನ್ನಾಗಿಯೇ ಇದ್ದರು. ಓದು, ಕೆಲಸ, ಸಂಸಾರ ಎಲ್ಲದರಲ್ಲೂ. ಅಮೆರಿಕದ ಸಮೀಕ್ಷೆಯೊಂದನ್ನು ಆಧರಿಸಿ 2005ರಲ್ಲಿ ಬಂದ ಅಧ್ಯಯನವೂ ಇಂಥ ಮಕ್ಕಳೆಲ್ಲ ಒಂಟಿಗರು ಅನ್ನುವುದನ್ನು ಒಪ್ಪಲಿಲ್ಲ.

ಆದ್ದರಿಂದ ಮಗನನ್ನೇ ನೋಡಿ. ಒಬ್ಬನೇ ಇದ್ದೂ ಖುಷಿಯಾಗಿದ್ದಾನಾ, ತನ್ನದೇ ಒಂದು ಹುಚ್ಚು ಇದೆಯಾ? ಚದುರಂಗವೋ ಚಿತ್ರವೋ ಪಾರಿವಾಳ ಸಾಕುವುದೋ? ಹಾಗಿದ್ದರೆ ಬಿಟ್ಟುಬಿಡಿ. ಸೇರಬೇಕು ಅಂತ ಆಸೆಯಿದ್ದೂ ಯಾರೂ ಸೇರಿಸಿಕೊಳ್ಳುತ್ತಿಲ್ಲ ಅಂತ ಕಂಡರೆ ಶಾಲೆಯಲ್ಲಿ ಬಂದು ಮಾತಾಡಿ. ಅವನಿಗೆ ಬೇಸರ ಗಾಢವಾಗುತ್ತಿದೆ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ.

ಒಬ್ಬನೇ ಇದ್ದಾಗ ಚಿನ್ನದಂಥ ಹುಡುಗ. ಗೆಳೆಯರು ಸೇರಿದರೆ ಬೇರೆಯೇ ಆಗುತ್ತಾನೆ. ಯಾಕೆ?

ಈ ವಯಸ್ಸಿನ ಮಿದುಳೇ ಹಾಗಿದೆ. ಅಮೆರಿಕದ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೆ ಎಷ್ಟು ದೂರ ಹೋಗುತ್ತಾರೆ ಅಂತ ನೋಡುವುದು. 13ರಿಂದ 16 ವರ್ಷದವರು ಒಬ್ಬರೇ ಆಡಿದಾಗ ತಕ್ಕಮಟ್ಟಿಗೆ ಜಾಗ್ರತೆಯಿಂದಲೇ ಆಡಿದರು. ಪಕ್ಕದಲ್ಲಿ ಗೆಳೆಯರು ನಿಂತಾಗ ಅವರು ಮೈಮೇಲೆ ಎಳೆದುಕೊಂಡ ಅಪಾಯ ಸುಮಾರು ಎರಡು ಪಟ್ಟಾಯಿತು. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಬರಲಿಲ್ಲ.

ಬೆಂಗಳೂರಿನ ಫ್ಲೈಓವರ್ ಮೇಲೆ ವ್ಹೀಲಿ ಮಾಡುವ ಹುಡುಗರನ್ನು ನೋಡಿ. ಹಿಂದೆ ಒಬ್ಬ ಫೋನ್ ಹಿಡಿದು ವಿಡಿಯೋ ಮಾಡುತ್ತಿರುತ್ತಾನೆ. ನೋಡುವವರಿಲ್ಲದೆ ಅದು ನಡೆಯುವುದು ಅಪರೂಪ.

ಈ ಸೆಳೆತದಿಂದ ಪಾರಾಗುವ ಮಕ್ಕಳು ಏನು ಮಾಡುತ್ತಾರೆ? ನಾನು ಕಂಡಂತೆ ಅವರು ಗೆಳೆಯರ ಜೊತೆ ಜಗಳ ಆಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಒಂದು ನೆಪ ಹೇಳಿ ಜಾರಿಕೊಳ್ಳುತ್ತಾರೆ. "ಅಮ್ಮ ಫೋನ್ ಮಾಡ್ತಿದ್ದಾಳೆ ಕಣೋ." "ಟ್ಯೂಷನ್ ಇದೆ ಮಗಾ." ಮಕ್ಕಳಿಗೆ ಈ ನೆಪವನ್ನು ನೀವೇ ಕೊಡಿ. "ನನ್ನ ಹೆಸರು ಹೇಳಿಬಿಡು, ಅಪ್ಪ ಬಹಳ ಸ್ಟ್ರಿಕ್ಟ್ ಅಂತ ಹೇಳು, ನನಗೇನೂ ಬೇಜಾರಿಲ್ಲ" ಅನ್ನಿ. ಮಗುವಿನ ಮರ್ಯಾದೆಯೂ ಉಳಿಯುತ್ತದೆ, ಗೆಳೆತನವೂ ಉಳಿಯುತ್ತದೆ.

ಬಡವರ ಮನೆ ಮಕ್ಕಳೇ ಜಾಸ್ತಿ ದಾರಿ ತಪ್ಪುತ್ತಾರೆ ಅಲ್ವಾ?

ಈ ಪ್ರಶ್ನೆ ಕೇಳಿದಾಗ ನನಗೆ ನೋವಾಗುತ್ತದೆ. ಪೊಲೀಸರ ಕೈಗೆ ಬಡ ಮಕ್ಕಳು ಬೇಗ ಸಿಗುತ್ತಾರೆ. ಇದ್ದವರ ಮನೆಯ ಹುಡುಗ ಅದೇ ತಪ್ಪು ಮಾಡಿದರೆ ಅಪ್ಪ ಹೋಗಿ ಮಾತಾಡಿ ಬಿಡಿಸಿಕೊಂಡು ಬರುತ್ತಾನೆ. ಮಕ್ಕಳನ್ನೇ ಕೇಳಿ ಬರೆದುಕೊಂಡ ರಿಚ್ಮಂಡ್ ಸಮೀಕ್ಷೆಯಲ್ಲಿ ಬಡವ, ಶ್ರೀಮಂತ ಅನ್ನುವ ವ್ಯತ್ಯಾಸ ಬಹಳ ಸಣ್ಣದಾಗಿತ್ತು.

ಬಡತನದ ಕಷ್ಟ ಸುಳ್ಳಲ್ಲ. ಆದರೆ ಆ ಕಷ್ಟದ ನಡುವೆಯೂ ನೆಟ್ಟಗೆ ಬೆಳೆಯುವವರು ಎಷ್ಟು ಜನ ಅಂತ ನೋಡಿದವರಿದ್ದಾರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಹತ್ತಾರು ವರ್ಷ ಗಮನಿಸಿದರು. ಅವರಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳು ತೀರಾ ಕಷ್ಟದ ಮನೆಯವರು. ಬಡತನ, ಹೆತ್ತವರ ಜಗಳ, ಕುಡಿತ, ಮಾನಸಿಕ ಕಾಯಿಲೆ, ಹೀಗೆ ಒಂದರ ಮೇಲೊಂದು. ಆ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಒಳ್ಳೆಯ, ಕೆಲಸವಂತ, ಇನ್ನೊಬ್ಬರನ್ನು ನೋಡಿಕೊಳ್ಳಬಲ್ಲ ದೊಡ್ಡವರಾದರು.

ಅವರಲ್ಲಿ ಏನಿತ್ತು? ಹೆತ್ತವರಿಂದ ಸಿಗದಿದ್ದರೂ ಬೇರೆ ಯಾರಾದರೂ ಒಬ್ಬರು ಅವರನ್ನು ಗಟ್ಟಿಯಾಗಿ ಹಚ್ಚಿಕೊಂಡಿದ್ದರು. ಅಜ್ಜಿ, ಅಕ್ಕ, ಪಕ್ಕದ ಮನೆಯವರು, ಒಬ್ಬ ಟೀಚರ್. ಹಲವರಿಗೆ ಮನೆಯಲ್ಲಿ ಮಾಡಲೇಬೇಕಾದ ಕೆಲಸ ಇತ್ತು, ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥದ್ದು. ಚಿಕ್ಕಂದಿನಿಂದಲೇ ಜನರಿಗೆ ಬೇಗ ಹೊಂದಿಕೊಳ್ಳುವ ಸ್ವಭಾವವೂ ಇತ್ತು. ಇದು ನಾವು ಕೊಡಲಾಗದ್ದು. ಮೊದಲೆರಡನ್ನು ಕೊಡಬಹುದು. ಇನ್ನೊಂದು ಒಳ್ಳೆ ಸುದ್ದಿ ಎಂದರೆ, ಹದಿಹರೆಯದಲ್ಲಿ ತಪ್ಪು ಮಾಡಿದ ಅಲ್ಲಿನ ಮಕ್ಕಳಲ್ಲಿ ಬಹುಪಾಲು ಜನ ಮುಂದೆ ಅಪರಾಧಿಗಳಾಗಲಿಲ್ಲ.

ಅಮೆರಿಕದ ಕೊಲಂಬಸ್ ಅನ್ನುವ ಊರಿನಲ್ಲಿ 1950ರ ದಶಕದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ವಾಲ್ಟರ್ ರೆಕ್‌ಲೆಸ್ ಮತ್ತು ಜೊತೆಗಾರರು ಊರಿನಲ್ಲೇ ಹೆಚ್ಚು ಅಪರಾಧ ನಡೆಯುವ ಕೇರಿಗಳ ಶಾಲೆಗಳಿಗೆ ಹೋದರು. "ಯಾವ ಹುಡುಗ ಎಂದೂ ಪೊಲೀಸರ ಕೈಗೆ ಸಿಗುವುದಿಲ್ಲ ಅಂತ ನಿಮಗೆ ಅನ್ನಿಸುತ್ತದೆ?" ಅಂತ ಟೀಚರ್‌ಗಳನ್ನು ಕೇಳಿದರು. ಹಾಗೆ ಆರಿಸಿದವರಲ್ಲಿ 125 ಹುಡುಗರನ್ನು ಮಾತಾಡಿಸಿದರು. ಅವರಿಗೆಲ್ಲ ತಾವು ಒಳ್ಳೆಯವರು ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಟೀಚರ್ ಒಳ್ಳೆಯವನು ಅಂದುಕೊಂಡದ್ದರಿಂದ ಅವನಿಗೂ ಹಾಗೆ ಅನ್ನಿಸಿತೋ, ಅವನು ಹಾಗಿದ್ದದ್ದರಿಂದ ಟೀಚರ್‌ಗೆ ಅನ್ನಿಸಿತೋ ಅಂತ ಆಮೇಲೆ ಬಹಳ ಟೀಕೆ ಬಂತು. ಟೀಕೆ ಸರಿಯಾದದ್ದೇ. ಆದರೂ ಅದನ್ನು ಓದಿದ ದಿನದಿಂದ ಹಾಜರಿ ಕೂಗುವಾಗ ನನ್ನ ದನಿಯ ಬಗ್ಗೆ ನಾನು ಎಚ್ಚರವಾಗಿದ್ದೇನೆ. ಒಬ್ಬೊಬ್ಬರ ಹೆಸರನ್ನು ಒಂದೊಂದು ರೀತಿ ಕೂಗುತ್ತಿದ್ದೆ ಅಂತ ನನಗೆ ಆಗಲೇ ಗೊತ್ತಾದದ್ದು.

ಒಂದೇ ಮನೆ, ಒಂದೇ ಊಟ. ಅಣ್ಣ ಹಾಗೆ, ತಮ್ಮ ಹೀಗೆ. ಇದಕ್ಕೇನು ಹೇಳುತ್ತೀರಿ?

ಹುಟ್ಟು ಸ್ವಭಾವ ಬೇರೆ ಇರುತ್ತದೆ. ಗೆಳೆಯರು ಬೇರೆ, ಟೀಚರ್‌ಗಳು ಬೇರೆ. ಅಣ್ಣ ಹುಟ್ಟಿದಾಗ ಮನೆಯಲ್ಲಿದ್ದ ಕಷ್ಟ ತಮ್ಮ ಬೆಳೆಯುವ ಹೊತ್ತಿಗೆ ಕಳೆದಿರಬಹುದು, ಅಥವಾ ಹೊಸದಾಗಿ ಬಂದಿರಬಹುದು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಬಾಲ್ಯ ಕಾಣುವುದಿಲ್ಲ. ದಯವಿಟ್ಟು ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಬೇಡಿ. "ಒಳ್ಳೆಯವನ ಜಾಗ" ಅಣ್ಣನಿಗೆ ಹೋಗಿಬಿಟ್ಟಿದೆ ಅಂತ ಅನ್ನಿಸಿದರೆ ತಮ್ಮ ಬೇರೆ ಜಾಗ ಹುಡುಕುತ್ತಾನೆ.

ಹೆಣ್ಣುಮಕ್ಕಳು ಯಾಕೆ ಕಡಿಮೆ ತಪ್ಪು ಮಾಡುತ್ತಾರೆ?

ಡ್ಯುನೆಡಿನ್ ಲೆಕ್ಕದಲ್ಲಿ, ಚಿಕ್ಕಂದಿನಿಂದ ದೊಡ್ಡವರಾಗುವವರೆಗೂ ತಪ್ಪು ಬಿಡದ ಗುಂಪಿನಲ್ಲಿ ಹತ್ತು ಹುಡುಗರಿಗೆ ಒಬ್ಬ ಹುಡುಗಿ. ಹದಿಹರೆಯದಲ್ಲಿ ಮಾತ್ರ ತಪ್ಪು ಮಾಡುವವರಲ್ಲಿ ಅಂತರ ಅಷ್ಟಿಲ್ಲ. ಮೂವರು ಹುಡುಗರಿಗೆ ಇಬ್ಬರು ಹುಡುಗಿಯರು. ಅಂದರೆ ಹುಡುಗಿಯರಿಗೂ ಅದೇ ಆಸೆ, ಅದೇ ಸೆಳೆತ ಇದೆ.

ನಮ್ಮಲ್ಲಿ ಹುಡುಗಿಯರು ಸಂಜೆ ಆರಕ್ಕೆ ಮನೆಯಲ್ಲಿರಬೇಕು. ತಪ್ಪು ಮಾಡುವ ಅವಕಾಶವೇ ಸಿಗುವುದಿಲ್ಲ. ಕಟ್ಟಿಹಾಕಿ ಉಳಿಸಿದ್ದನ್ನು ಒಳ್ಳೆಯತನ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮನೆಗೆಲಸ, ತಮ್ಮ ತಂಗಿಯರು, ಅಮ್ಮನ ಜೊತೆಗಿನ ಮಾತು ಇವೆಲ್ಲ ಹುಡುಗಿಯರಿಗೆ ಕೊಡುವ ನಂಟನ್ನು ನಾವು ಹುಡುಗರಿಗೂ ಕೊಡಬಹುದಿತ್ತು. ಕೊಡುವುದಿಲ್ಲ. "ಗಂಡು ಹುಡುಗ, ಹೊರಗೆ ಇರಲಿ ಬಿಡಿ" ಅನ್ನುತ್ತೇವೆ.

ನಾಲ್ಕು ಬಿಗಿದರೆ, ಇಲ್ಲ ಜೈಲು ತೋರಿಸಿದರೆ ಬುದ್ಧಿ ಬರುತ್ತದೆ ಅನ್ನುತ್ತಾರೆ. ನಿಜವಾ?

ಇಲ್ಲ. ಇದನ್ನು ನಿಜವಾಗಿ ಮಾಡಿ ನೋಡಿದ್ದಾರೆ. ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗುವುದು. ಜೀವಾವಧಿ ಶಿಕ್ಷೆಯ ಕೈದಿಗಳು ಅವರನ್ನು ಕೂಗಾಡಿ ಹೆದರಿಸುವುದು. ದೇಶಕ್ಕೆಲ್ಲ ಮೆಚ್ಚುಗೆಯಾಯಿತು. ಜೇಮ್ಸ್ ಫಿಂಕನಾರ್ ಅನ್ನುವವರು ಅಲ್ಲಿಗೆ ಹೋದ 46 ಮಕ್ಕಳನ್ನೂ ಹೋಗದ 35 ಮಕ್ಕಳನ್ನೂ ಆರು ತಿಂಗಳು ಗಮನಿಸಿದರು. ಹೋದವರಲ್ಲಿ ನೂರಕ್ಕೆ 41 ಮಂದಿ ಮತ್ತೆ ತಪ್ಪು ಮಾಡಿದರು. ಹೋಗದವರಲ್ಲಿ ನೂರಕ್ಕೆ 11. ಆಮೇಲೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗಲೂ ಹೆದರಿಸುವುದರಿಂದ ಕೆಡುಕೇ ಜಾಸ್ತಿ ಅಂತ ಕಂಡಿತು.

ಹೊಡೆತದ ಕಥೆಯೂ ಹಾಗೆಯೇ. ಹೊಡೆಯುವ ಕೈ ಕಾಣುವವರೆಗೆ ಮಾತ್ರ ಅದು ಕೆಲಸ ಮಾಡುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿದೆ. ಇನ್ನೂ ಹೊಡೆಯುವವರಿದ್ದಾರೆ ಅನ್ನುವುದು ನನಗೆ ಗೊತ್ತು.

ಒಳ್ಳೆ ಮಕ್ಕಳು ಹೆದರಿಕೊಂಡು ಸುಮ್ಮನಿದ್ದಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಪರ್ ಓಲಾಫ್ ವಿಕ್‌ಸ್ಟ್ರಾಂ 700ಕ್ಕೂ ಹೆಚ್ಚು ಮಕ್ಕಳನ್ನು 12ನೇ ವಯಸ್ಸಿನಿಂದ ಗಮನಿಸಿದರು. ಅಲ್ಲಿ ಕಂಡದ್ದು ಬೇರೆ. ಸರಿ ತಪ್ಪಿನ ಭಾವನೆ ಗಟ್ಟಿಯಾಗಿರುವ ಮಕ್ಕಳಿಗೆ ಕಳ್ಳತನ ಅನ್ನುವುದು ಒಂದು ದಾರಿಯಾಗಿ ಕಾಣುವುದೇ ಇಲ್ಲ. ಸಿಕ್ಕಿಬೀಳುತ್ತೇನಾ ಇಲ್ಲವಾ ಅಂತ ಅವರು ಲೆಕ್ಕವನ್ನೇ ಹಾಕುವುದಿಲ್ಲ. ಲೆಕ್ಕ ಹಾಕುವ ಸ್ಥಿತಿಗೆ ಬಂದ ಮಗು ಆಗಲೇ ಅರ್ಧ ದಾರಿ ಬಂದಿರುತ್ತದೆ.

ಮಗಳ ಫೋನ್ ದಿನಾ ಚೆಕ್ ಮಾಡುತ್ತೇನೆ. ಸರಿ ತಾನೇ?

ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಅಂತ ಗೊತ್ತಿರುವ ಹೆತ್ತವರ ಮಕ್ಕಳು ಕಡಿಮೆ ತಪ್ಪು ಮಾಡುತ್ತಾರೆ. ಇದು ಬಹಳ ಹಿಂದಿನಿಂದ ಗೊತ್ತಿತ್ತು. ಹಾಗಾಗಿ ಕಣ್ಣಿಟ್ಟಿರಿ ಅಂತ ಎಲ್ಲರೂ ಹೇಳುತ್ತಿದ್ದರು. ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದರು: ಹೆತ್ತವರಿಗೆ ಅದು ಗೊತ್ತಾಗುವುದು ಹೇಗೆ? ಹುಡುಕಿ ತೆಗೆದದ್ದರಿಂದ ಗೊತ್ತಾದದ್ದು ಕಡಿಮೆ. ಹೆಚ್ಚಿನದು ಮಗುವೇ ಬಂದು ಹೇಳಿದ್ದು.

ಮಗು ಯಾವಾಗ ಹೇಳುತ್ತದೆ? ಮೊದಲು ಹೇಳಿದಾಗ ಏನಾಯಿತು ಅನ್ನುವುದರ ಮೇಲೆ ಅದು ನಿಂತಿದೆ. "ಇವತ್ತು ಆ ಹುಡುಗ ಕ್ಲಾಸಿಗೆ ಗುಟ್ಕಾ ತಂದಿದ್ದ" ಅಂತ ಮಗ ಊಟದ ಹೊತ್ತಿಗೆ ಹೇಳುತ್ತಾನೆ ಅಂದುಕೊಳ್ಳಿ. "ನಾಳೆಯಿಂದ ಅವನ ಜೊತೆ ಸೇರಿದರೆ ನೋಡು" ಅಂತ ಕೂಗಿದರೆ ಮುಂದಿನ ಸುದ್ದಿ ನಿಮಗೆ ಬರುವುದಿಲ್ಲ. "ಹೌದಾ, ಆಮೇಲೆ ಏನಾಯ್ತು?" ಅಂದು ಅನ್ನ ಕಲಸುತ್ತಾ ಕೂರಿ. ಕಷ್ಟ, ಗೊತ್ತು. ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಸಣ್ಣ ಮಕ್ಕಳ ಫೋನಿಗೆ ನಿಯಮ ಇರಲಿ. ಯಾರಾದರೂ ಹೆದರಿಸುತ್ತಿದ್ದಾರೆ, ಅಪಾಯವಿದೆ ಅಂತ ಅನುಮಾನ ಬಂದರೆ ಖಂಡಿತ ನೋಡಿ. ನೋಡುತ್ತೇನೆ ಅಂತ ಹೇಳಿಯೇ ನೋಡಿ.

ಬಿಡುವೇ ಸಿಗದ ಹಾಗೆ ಟ್ಯೂಷನ್, ಕೋಚಿಂಗ್ ಹಾಕಿದರೆ ಆಯಿತಲ್ಲ?

ಹರ್ಶಿಯ ನಾಲ್ಕು ಎಳೆಗಳಲ್ಲಿ ಈ ಕೈತುಂಬ ಕೆಲಸ ಅನ್ನುವುದೇ ತೆಳುವಾದದ್ದು. ತಪ್ಪು ಮಾಡಲು ಬಹಳ ಹೊತ್ತು ಬೇಕಿಲ್ಲ ಅಂತ ಅವರೇ ಗುರುತಿಸಿದ್ದರು. ಟ್ಯೂಷನ್ನಿಂದ ಮನೆಗೆ ಬರುವ ಹತ್ತು ನಿಮಿಷ ಸಾಕು. ತೊಂದರೆ ಇರುವುದು ಬಿಡುವಿನಲ್ಲಿ ಅನ್ನುವುದಕ್ಕಿಂತ ದೊಡ್ಡವರು ಯಾರೂ ಇಲ್ಲದ, ಮಾಡಲು ಏನೂ ಇಲ್ಲದ, ಗೆಳೆಯರು ಮಾತ್ರ ಇರುವ ಬಿಡುವಿನಲ್ಲಿ. ವೇಯ್ನ್ ಆಸ್‌ಗುಡ್ ಮತ್ತು ಜೊತೆಗಾರರು 1996ರಲ್ಲಿ ಇದನ್ನು ತೋರಿಸಿದರು.

ಐಸ್‌ಲ್ಯಾಂಡ್ ದೇಶ ಈ ವಿಷಯದಲ್ಲಿ ಊರೇ ಸೇರಿ ಕೆಲಸ ಮಾಡಿತು. ಚಳಿಗಾಲದಲ್ಲಿ 13ರಿಂದ 16 ವರ್ಷದವರು ರಾತ್ರಿ ಹತ್ತರ ಮೇಲೆ ಹೊರಗಿರುವಂತಿಲ್ಲ. ಹೆತ್ತವರು ಗುಂಪಾಗಿ ರಾತ್ರಿ ಬೀದಿಯಲ್ಲಿ ನಡೆಯುತ್ತಾರೆ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಮಕ್ಕಳ ಆಟ, ಸಂಗೀತಕ್ಕೆ ನಗರಸಭೆಯೇ ಹಣ ಕೊಡುತ್ತದೆ. ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತೇರಿದ್ದ 15–16 ವರ್ಷದವರು 1998ರಲ್ಲಿ ನೂರಕ್ಕೆ 42 ಇದ್ದರು. 2016ಕ್ಕೆ 5 ಆದರು.

ನಮ್ಮ ಊರುಗಳಲ್ಲಿ ಇದಕ್ಕೆ ಬೇಕಾದ್ದು ಚೂರುಪಾರು ಇದೆ. ಸಂಜೆಯ ಕಬಡ್ಡಿ, ಯಕ್ಷಗಾನದ ತರಗತಿ, ಎನ್‌ಸಿಸಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ಅಲ್ಲಿ ಮಗುವಿನ ಹೆಸರು ಗೊತ್ತಿರುವ ಒಬ್ಬ ದೊಡ್ಡವರು ಇದ್ದರೆ ಅದು ಟ್ಯೂಷನ್ನಿಗಿಂತ ಮೇಲು.

ತಂಟೆ ಮಾಡುವವರನ್ನೆಲ್ಲ ಸೇರಿಸಿ ಒಂದು ಶಿಬಿರ ಮಾಡಿದರೆ?

ಮನಸ್ಸು ಒಳ್ಳೆಯದೇ, ಆದರೆ ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಿಂದ 1945ರವರೆಗೆ 506 ಹುಡುಗರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಸಲಹೆಗಾರರು, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಇನ್ನರ್ಧಕ್ಕೆ ಏನೂ ಇಲ್ಲ. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಅವರನ್ನೆಲ್ಲ ಹುಡುಕಿ ನೋಡಿದರು. ಸಹಾಯ ಪಡೆದವರೇ ಕೆಲವು ವಿಷಯಗಳಲ್ಲಿ ಹೆಚ್ಚು ಹಾಳಾಗಿದ್ದರು. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದವರಲ್ಲಿ ಇದು ಎದ್ದು ಕಂಡಿತು. ಒಂದೇ ಕಡೆ ಸೇರಿದ ಹುಡುಗರು ಒಬ್ಬರಿಂದೊಬ್ಬರು ಕಲಿತಿದ್ದರು.

ನಾವು ಶಾಲೆಯಲ್ಲಿ ಇದನ್ನೇ ಮಾಡುತ್ತೇವೆ. ಗಲಾಟೆ ಮಾಡುವವರನ್ನೆಲ್ಲ ಹಿಂದಿನ ಬೆಂಚಿಗೆ ಕಳಿಸುತ್ತೇವೆ. ನಾನೂ ವರ್ಷಗಟ್ಟಲೆ ಕಳಿಸಿದ್ದೇನೆ. ಈಗ ಬಿಡಿಸಿ, ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸುತ್ತೇನೆ.

ಮಗ ಹಟ ಮಾಡುತ್ತಾನೆ, ಬೈಕ್ ಕೊಡಲೇ? ಲೈಸೆನ್ಸ್ ವಯಸ್ಸಾಗಿಲ್ಲ.

ಕೊಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕಾನೂನು ಬಿಡಿ, ಮೇಲೆ ಹೇಳಿದ ಹಳದಿ ದೀಪದ ಪ್ರಯೋಗ ನೆನಪಿಸಿಕೊಳ್ಳಿ.

ನನ್ನ ಮಗ ಒಮ್ಮೆ ಸಿಕ್ಕಿಬಿದ್ದಿದ್ದಾನೆ. ಅವನ ಜೀವನ ಮುಗಿಯಿತಾ?

ಇಲ್ಲಮ್ಮ, ಮುಗಿಯಲಿಲ್ಲ. ಈ ಪ್ರಶ್ನೆ ಕೇಳುವ ತಾಯಂದಿರು ಅಳುತ್ತಲೇ ಕೇಳುತ್ತಾರೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಅಂತ ನಿಧಾನವಾಗಿ ಹೇಳುತ್ತೇನೆ.

ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಹಿಡಿದ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಕರೆತರಬೇಕು. ಪ್ರಯಾಣಕ್ಕೆ ಹಿಡಿಯುವ ಹೊತ್ತು ಇದರಲ್ಲಿ ಸೇರುವುದಿಲ್ಲ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಗುವಿನ ಹೆಸರು, ಫೋಟೋ, ಶಾಲೆಯ ಹೆಸರು ಯಾವ ಪತ್ರಿಕೆಯಲ್ಲೂ ಚಾನೆಲ್ಲಿನಲ್ಲೂ ಬರುವಂತಿಲ್ಲ. 16 ದಾಟಿದ ಮಗುವಿನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪವಿದ್ದರೆ ಮಾತ್ರ ದಾರಿ ಬೇರೆಯಾಗಬಹುದು. ಆಗ ವಕೀಲರ ಸಲಹೆ ಬೇಗ ಪಡೆಯಿರಿ. ಉಳಿದಂತೆ, ಪ್ರಕರಣ ಮುಗಿದ ಮೇಲೆ ಅದರಿಂದ ಮುಂದೆ ಕೆಲಸಕ್ಕೋ ಓದಿಗೋ ಅನರ್ಹತೆ ಬರುವುದಿಲ್ಲ. ನಡತೆಯ ಪ್ರಮಾಣಪತ್ರ ಕೇಳಿದಾಗ ಪೊಲೀಸರು ಮುಗಿದ ಪ್ರಕರಣವನ್ನು ಹೊರಗೆ ಹೇಳುವಂತಿಲ್ಲ. ಸಹಾಯ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಮನೆಗೆ ಬಂದ ದಿನ ಅವನಿಗೆ ಇಷ್ಟವಾದ ಸಾರು ಮಾಡಿ. ಆದದ್ದರ ಬಗ್ಗೆ ಮರುದಿನ ಮಾತಾಡಿದರಾಯಿತು. ಒಂದು ವಾರ ಬಿಟ್ಟು ಶಾಲೆಗೆ ಕರೆದುಕೊಂಡು ಬನ್ನಿ. ಬರುವ ಮೊದಲು ನನಗೆ ಒಂದು ಫೋನ್ ಮಾಡಿ, ಗೇಟಿನ ಹತ್ತಿರ ನಾನೇ ಬಂದು ನಿಂತಿರುತ್ತೇನೆ.